ಬಾಯಿ ಕಟ್ಟಿದ ಪೆನ್‌ಡ್ರೈವ್

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವಳನ್ನು ನಮ್ಮ ಇಡೀ ಬೀದಿ ಟೈಪಿಂಗ್ ಅಕ್ಕ ಎಂದೇ ಕರೆಯುತ್ತಿತ್ತು. ಟೈಪ್‌ರೈಟರುಗಳ ಕಾಲ ಮುಗಿದಾಗ ಅವಳು ಅವುಗಳನ್ನು ಗುಜರಿಯವನಿಗೆ ಕೊಟ್ಟು, ಯಾವುದೋ ಕಚೇರಿಯವರು ಬೇಡವೆಂದು ಹೊರಗಿಟ್ಟಿದ್ದ ಕಂಪ್ಯೂಟರುಗಳನ್ನು ತಂದು ಅದೇ ಮೇಜುಗಳ ಮೇಲೆ ಕೂರಿಸಿದಳು. ಮುದಿ ಯಂತ್ರಗಳು, ಭಾರದ ತಂತ್ರಾಂಶ ಹೊರಲಾರವು. ಅದಕ್ಕೆಂದೇ ಹಗುರವಾದ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆ ಕಲಿತಳು. ಹಾಕಿ, ಕೆಡಿಸಿ, ಮತ್ತೆ ಹಾಕಿ ತಾನೇ ಕಲಿತಳು. ಕಲಿಯುವಾಗ ಅವಳು ಯಂತ್ರಗಳಿಗೆ ಮಾಡುತ್ತಿದ್ದ ಮಂಗಳಾರತಿ ಕೆಳಗೆ ಪಂಕ್ಚರ್ ಹಾಕುವವನಿಗೂ ಕೇಳಿಸುತ್ತಿತ್ತು.

ಬಾಯಿ ಜೋರು ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಎದುರು ಮನೆಯವನು, ಸುಳ್ಳು ಹೇಳಲಾರೆ, ಜೋರೇ. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ತನ್ನ ಹೆಂಡತಿಗೆ ಹಾರ್ನ್ ಮಾತ್ರ ಇದೆ, ಬ್ರೇಕ್ ಹಾಕುವುದನ್ನು ಕಂಪನಿಯವರು ಮರೆತಿದ್ದಾರೆ ಎಂದು ಅವನೇ ಹೇಳುತ್ತಿದ್ದ. ಆದರೆ ತನಗೆ ಅನ್ಯಾಯವಾಯಿತೆಂದು ಅವಳು ಕೂಗಾಡಿದ್ದು ಕಡಿಮೆ. ಬಸ್ಸಿನಲ್ಲಿ ಯಾರನ್ನೋ ಇಳಿಸಿದರೆ, ಸರದಿಯಲ್ಲಿ ಯಾರನ್ನೋ ಹಿಂದೆ ತಳ್ಳಿದರೆ, ಅಲ್ಲಿ ಅವಳ ದನಿ ಏಳುತ್ತಿತ್ತು.

ಅವಳಿಗೊಬ್ಬಳು ತಂಗಿ. ಮದುವೆಯ ಗೊಡವೆಗೆ ಹೋಗದೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ ತನ್ನ ಪಾಡಿಗೆ ತಾನಿದ್ದವಳು. ಅಚ್ಚಿನಲ್ಲಿ ಒಂದು ಒತ್ತಕ್ಷರ ಜಾರಿದರೂ ಅವಳಿಗೆ ಕಾಲಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ, ಅವಳ ದೃಷ್ಟಿ ಅಂಚಿನಿಂದ ಒಳಗೆ ಸ್ವಲ್ಪಸ್ವಲ್ಪವೇ ಮುಚ್ಚುತ್ತಾ ಬಂತು. ಅವಳು ಯಾರಿಗೂ ಹೇಳದೆ ಕರಡನ್ನು ಮುಖಕ್ಕೆ ಹತ್ತಿರ, ಇನ್ನೂ ಹತ್ತಿರ ಹಿಡಿಯುತ್ತಾ ಹೋದಳು. ವೈದ್ಯರ ಬಳಿ ಹೋಗುವಷ್ಟರಲ್ಲಿ ಕೈ ಮೀರಿತ್ತು. ಮುದ್ರಣಾಲಯದವರು ಬೀಳ್ಕೊಡುಗೆ ಇಟ್ಟುಕೊಂಡು, ಒಳ್ಳೆಯ ಮಾತಾಡಿ, ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಕಣ್ಣು ಹೋದವಳಿಗೆ ಗಡಿಯಾರ. ಅಕ್ಕ ಅದನ್ನು ವಾಪಸ್ ಒಯ್ದು ಅವರ ಮೇಜಿನ ಮೇಲೆ ಕುಕ್ಕಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದ್ದಳು. ತಂಗಿಯೇ ತಡೆದಳು. ಟಿಕ್ ಟಿಕ್ ಅನ್ನೋದಾದರೂ ಕೇಳಿಸುತ್ತಲ್ಲ, ಇರಲಿ ಬಿಡು ಎಂದಳು.

ತಂಗಿ ಅಕ್ಕನ ಮನೆಗೆ ಬಂದಳು. ಮನೆಯ ಕಂಪ್ಯೂಟರಿಗೆ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅಕ್ಕ ಹಾಕಿಕೊಟ್ಟಳು. ಬೆರಳಿಗೆ ಕೀಲಿಮಣೆ ಮೊದಲೇ ಗೊತ್ತು, ಹಾಗಾಗಿ ತಂಗಿ ಬೇಗ ಹಿಡಿದುಕೊಂಡಳು. ಕನ್ನಡ ಓದುವ ಆ ಯಂತ್ರದ ದನಿಯ ಮೇಲೆ ಮಾತ್ರ ಅವಳಿಗೆ ತೀರದ ಸಿಟ್ಟು. ಪೂರ್ಣವಿರಾಮಕ್ಕೆ ನಿಲ್ಲುವುದಿಲ್ಲ, ಕೊನೆಯ ಬಸ್ಸು ಹಿಡಿಯುವವನ ಹಾಗೆ ಓಡುತ್ತದೆ, ‘ಡಾ.’ ಬಂದರೆ ಡಾಕ್ಟರ್ ಎನ್ನದೆ ‘ಡಾ ಚುಕ್ಕೆ’ ಎನ್ನುತ್ತದೆ. ಕರಡು ತಿದ್ದುವವಳ ಸಿಟ್ಟು ಅದು. ಭಾವ ಪಕ್ಕದಲ್ಲಿ ಕೂತು, ಬಿಡಮ್ಮಾ, ನಮ್ಮ ಡಿಪೋ ಮೈಕಿನಲ್ಲಿ ಕೂಗುತ್ತಿದ್ದವನಿಗಿಂತ ಇದೇ ವಾಸಿ ಎಂದು ಸಮಾಧಾನ ಮಾಡುತ್ತಿದ್ದ.

ಮನೆಯೊಳಗೆ ಸರಿ. ಹೊಸ್ತಿಲು ದಾಟಿದರೆ ಕಥೆ ಬೇರೆ. ಒಂದು ದಿನ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅರ್ಜಿಯೊಂದನ್ನು ತುಂಬಲೆಂದು ತಂಗಿ ಒಬ್ಬಳೇ ಹೋದಳು. ಅಲ್ಲಿನ ಯಂತ್ರಕ್ಕೆ ಮಾತು ಬಾರದು. ತಂತ್ರಾಂಶ ಹಾಕಬಹುದೇ ಎಂದು ಕೇಳಿದರೆ, ಸಾರ್ವಜನಿಕ ಯಂತ್ರಕ್ಕೆ ಏನನ್ನೂ ಹಾಕುವಂತಿಲ್ಲ ಎಂದರು. ಸರಿ, ನಿಯಮ. ಅದರ ಹಿಂದೆಯೇ ಅಲ್ಲಿನ ಗುಮಾಸ್ತ, ನಾಳೆ ಬರುವಾಗ ಕಣ್ಣಿರುವವರನ್ನು ಜೊತೆಗೆ ಕರೆತನ್ನಿ ಎಂದ. ಅವನು ಕೆಟ್ಟವನಲ್ಲ, ಬಾಗಿಲವರೆಗೆ ಕೈಹಿಡಿದು ಬಿಟ್ಟೂ ಬಂದ. ತಂಗಿ ಮನೆಗೆ ಬಂದು ಇದನ್ನು ಹೇಳಿದ್ದು ತೀರಾ ಮಾಮೂಲಿ ದನಿಯಲ್ಲಿ. ಆ ಮಾಮೂಲಿ ದನಿಯೇ ಅಕ್ಕನನ್ನು ಸುಟ್ಟಿತು. ಅರ್ಜಿಯಲ್ಲಿ ತನ್ನ ಕಾಯಿಲೆ, ತನ್ನ ಆದಾಯ, ತನ್ನ ಹುಟ್ಟಿದ ದಿನ ಎಲ್ಲವನ್ನೂ ಪರರ ಕಿವಿಗೆ ಹೇಳಿ ಬರೆಸಬೇಕೇ ಅವಳು? ಎದುರಿಗೆ ಯಂತ್ರ ಇದೆ, ಬೆರಳಿಗೆ ವಿದ್ಯೆ ಇದೆ. ಆದರೂ?

ಅಂದಿನಿಂದ ಅಕ್ಕನ ತಲೆಗೆ ‘ಲೈವ್’ ಹತ್ತಿತು.

ಲೈವ್ ಎಂದರೆ ಇಷ್ಟೇ. ಸಾಮಾನ್ಯವಾಗಿ ಲಿನಕ್ಸ್ ಆಗಲಿ ಮತ್ತೊಂದಾಗಲಿ ಕಂಪ್ಯೂಟರಿನ ಡಿಸ್ಕಿನ ಮೇಲೆ ಸಂಸಾರ ಹೂಡಿರುತ್ತದೆ. ಲೈವ್ ಹಾಗಲ್ಲ, ಇಡೀ ವ್ಯವಸ್ಥೆ ಪೆನ್‌ಡ್ರೈವ್‌ನಲ್ಲೇ ಇರುತ್ತದೆ. ಚುಚ್ಚಿ ಯಂತ್ರ ಶುರು ಮಾಡಿದರೆ ಅದೇ ಎದ್ದು ಓಡುತ್ತದೆ. ಕೆಲಸ ಮುಗಿಸಿ ಕಿತ್ತುಕೊಂಡರೆ ಆ ಕಂಪ್ಯೂಟರು ಮೊದಲಿದ್ದ ಹಾಗೇ ಇರುತ್ತದೆ. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಇದ್ದು ಬಂದ ಹಾಗೆ. ಹಾಕುವಂತಿಲ್ಲ ಎಂಬ ನಿಯಮವನ್ನು ಮುರಿದ ಹಾಗೂ ಆಗಲಿಲ್ಲ, ಯಾರ ಕೈಕಾಲು ಹಿಡಿದ ಹಾಗೂ ಆಗಲಿಲ್ಲ.

ಎಲ್ಲರಿಗೂ ಸಿಗುವ ಒಂದು ಲಿನಕ್ಸ್ ಡಿಸ್ಟ್ರೋವನ್ನು, ಅಂದರೆ ಯಾರೋ ಮೊದಲೇ ಜೋಡಿಸಿ ಹಂಚುವ ಲಿನಕ್ಸ್ ಕಟ್ಟನ್ನು, ಅವಳು ಆರಿಸಿಕೊಂಡಳು. ಅದರ ಲೈವ್ ಕಡತದೊಳಗೆ ಇಡೀ ವ್ಯವಸ್ಥೆಯನ್ನು ಹಿಂಡಿ ಒತ್ತಿ ಇಟ್ಟಿರುತ್ತಾರೆ. ಅದನ್ನು ಬಿಚ್ಚಿ ಹರಡಬೇಕು, ಒಳಗೆ ಹೊಕ್ಕು ಬೇಡದ್ದನ್ನು ತೆಗೆದು ಬೇಕಾದ್ದನ್ನು ತುಂಬಬೇಕು, ಮತ್ತೆ ಒತ್ತಿ ಒಂದೇ ಕಡತ ಮಾಡಿ ಪೆನ್‌ಡ್ರೈವ್‌ಗೆ ಬರೆಯಬೇಕು. ಆಟಗಳು ಹೋದವು, ಚೆಂದದ ಹಿನ್ನೆಲೆ ಚಿತ್ರಗಳು ಹೋದವು. ಓದಿ ಹೇಳುವ ತಂತ್ರಾಂಶ ಬಂತು, ಕನ್ನಡ ದನಿ ಬಂತು, ಕನ್ನಡ ಕೀಲಿಮಣೆ ಬಂತು, ತಂಗಿ ತಿದ್ದಿದ ಉಚ್ಚಾರಣೆಗಳ ಪಟ್ಟಿ ಬಂತು. ಅದರಲ್ಲಿ ‘ಡಾ.’ ಬಂದರೆ ‘ಡಾಕ್ಟರ್’ ಎಂದೇ ಓದಬೇಕು.

ಮೊದಲ ಪೆನ್‌ಡ್ರೈವ್ ಕೋಣೆಯ ಒಂದು ಯಂತ್ರದಲ್ಲಿ ಮಾತಾಡಿತು, ಪಕ್ಕದ ಯಂತ್ರದಲ್ಲಿ ತುಟಿ ಬಿಚ್ಚಲಿಲ್ಲ. ಕೆಲವು ಕಂಪ್ಯೂಟರುಗಳಲ್ಲಿ ದನಿ ಹೊರಡುವ ದಾರಿ ಒಂದಕ್ಕಿಂತ ಹೆಚ್ಚು. ಸ್ಪೀಕರಿಗೆ ಹೋಗಬೇಕಾದ ಮಾತು ಸ್ಪೀಕರೇ ಇಲ್ಲದ ಪರದೆಯ ಕಡೆಗೆ ಹೋಗಿ, ಅಲ್ಲೇ ಕಳೆದುಹೋಗುತ್ತಿತ್ತು. ಕಣ್ಣಿದ್ದವರು ಪರದೆ ನೋಡಿ ದಾರಿ ಬದಲಿಸುತ್ತಾರೆ. ಕಣ್ಣಿಲ್ಲದವರಿಗೆ ಯಂತ್ರ ಸತ್ತಿದೆಯೋ ಬದುಕಿದೆಯೋ ಅದೇ ತಿಳಿಯುವುದಿಲ್ಲ. ಅಕ್ಕ ಇದಕ್ಕೆ ತಲೆ ಕೆಡಿಸಿಕೊಂಡು ಕೂತಿದ್ದಾಗ ತಂಗಿ ಒಂದು ಮಾತು ಹೇಳಿದಳು. ಕತ್ತಲಲ್ಲಿ ಯಾವ ಬಾಗಿಲು ತೆರೆದಿದೆ ಅಂತ ಗೊತ್ತಾಗದಿದ್ದರೆ ಒಂದೊಂದೇ ಬಾಗಿಲು ಬಡಿಯುತ್ತೇವೆ, ಇದಕ್ಕೂ ಹಾಗೇ ಹೇಳಿಕೊಡು ಎಂದಳು. ಹಾಗೇ ಆಯಿತು. ಪೆನ್‌ಡ್ರೈವ್ ಎದ್ದ ಕೂಡಲೇ ಒಂದು ದಾರಿಯಲ್ಲಿ, ‘ಕೇಳಿಸಿದರೆ ಸ್ಪೇಸ್ ಒತ್ತಿ’ ಎನ್ನುತ್ತದೆ. ಯಾರೂ ಒತ್ತದಿದ್ದರೆ ಮುಂದಿನ ದಾರಿಯಲ್ಲಿ ಅದನ್ನೇ ಹೇಳುತ್ತದೆ. ಯಾವ ದಾರಿಯಲ್ಲಿ ಉತ್ತರ ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ.

ತಂಗಿ ಅದಕ್ಕೆ ‘ಕೊರಳು’ ಎಂದು ಹೆಸರಿಟ್ಟಳು.

ಅದನ್ನು ಹಿಡಿದುಕೊಂಡು ಅವಳು ಅದೇ ಗ್ರಂಥಾಲಯಕ್ಕೆ ಹೋದಳು. ಯಂತ್ರ ಶುರುವಾಗುವಾಗ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಯಾವ ಗುಂಡಿ ಒತ್ತಿದರೆ ಪೆನ್‌ಡ್ರೈವ್‌ನಿಂದ ಏಳುತ್ತದೆ ಎಂಬುದನ್ನು ಬೆರಳಿಗೆ ಪಾಠ ಮಾಡಿಕೊಂಡಿದ್ದಳು. ಅರ್ಜಿ ತುಂಬಿದಳು. ಆಮೇಲೆ ಏಳಲು ಮನಸ್ಸಾಗದೆ ಅಂದಿನ ದಿನಪತ್ರಿಕೆ ತೆರೆದು ಕೇಳುತ್ತಾ ಕೂತಳು. ತಪ್ಪು ಕೇಳಿಸಿದಲ್ಲೆಲ್ಲ ನಗುತ್ತಿದ್ದಳಂತೆ. ಗುಮಾಸ್ತ ಹತ್ತಿರ ಬಂದು ಏನಾಯಿತೆಂದು ವಿಚಾರಿಸಿದಾಗ, ಇವರ ಹತ್ತಿರ ಕರಡು ತಿದ್ದುವವರೇ ಇಲ್ಲ ಅಂತ ಕಾಣುತ್ತೆ ಎಂದಳು. ಎಷ್ಟೋ ಕಾಲದ ಮೇಲೆ ಅವಳು ಮನೆಯಾಚೆ ಒಬ್ಬಳೇ ಕೂತು ಓದಿದ್ದು ಅದು.

ಕೊರಳು ಕೈಯಿಂದ ಕೈಗೆ ಹೋಯಿತು. ಊರಾಚೆಯ ಅಂಧರ ಶಾಲೆಯ ಸಂಗೀತದ ಮೇಷ್ಟ್ರು, ಅವರೂ ಕಣ್ಣು ಕಾಣದವರೇ, ಮಕ್ಕಳಿಗೆಂದು ಒಯ್ದರು. ಅವರಿಂದ ಬೇರೆ ಊರುಗಳಿಗೂ ಹೋಯಿತು. ಯಾರದಾದರೂ ಯಂತ್ರದಲ್ಲಿ ಬಾಯಿ ಬಿಡಲಿಲ್ಲವೆಂದು ಫೋನ್ ಬಂದರೆ, ತಂಗಿ ಲಕ್ಷಣ ಕೇಳಿಕೊಳ್ಳುತ್ತಿದ್ದಳು, ಅಕ್ಕ ಒಳಹೊಕ್ಕು ಸರಿಪಡಿಸಿ ಹೊಸ ಆವೃತ್ತಿ ಕಟ್ಟುತ್ತಿದ್ದಳು. ಯಾರು ಬೇಕಾದರೂ ಒಯ್ಯಬಹುದು, ಬದಲಿಸಬಹುದು, ಹಂಚಬಹುದು. ಹಂಚುವವರು ಅದನ್ನು ಹೇಗೆ ಕಟ್ಟಿದರೆಂಬ ಮೂಲವನ್ನೂ ಕೇಳಿದವರಿಗೆ ಕೊಡಬೇಕು, ಅಷ್ಟೇ ಕರಾರು. ಅದು ಅಕ್ಕ ಹಾಕಿದ ಕರಾರಲ್ಲ, ಅವಳು ಬಳಸಿದ ತಂತ್ರಾಂಶಗಳ ಜೊತೆಯಲ್ಲೇ ಬಂದದ್ದು.

ಸುದ್ದಿ ಅಂಧರ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಗೂ ಮುಟ್ಟಿತು. ಒಂದು ಮಧ್ಯಾಹ್ನ ನಿರ್ದೇಶಕರೇ ಸೈಕಲ್ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ಬಂದರು. ಎಲ್ಲ ಅಂಧರ ಶಾಲೆಗಳಿಗೂ ಇದನ್ನು ಇಲಾಖೆಯಿಂದ ಕೊಡಿಸುತ್ತೇವೆ, ಒಬ್ಬ ಗುತ್ತಿಗೆದಾರರು ಪ್ರತಿ ಮಾಡಿ ಹಂಚುತ್ತಾರೆ ಎಂದರು. ಅಕ್ಕ ಎರಡು ಮಾತಾಡದೆ ಕೊಟ್ಟಳು. ಕೇಳಿಕೊಂಡದ್ದು ಒಂದೇ: ಹೆಸರು ಏನಾದರೂ ಇಟ್ಟುಕೊಳ್ಳಿ, ಬಣ್ಣ ಏನಾದರೂ ಬಳಿಯಿರಿ, ದನಿಯ ತಂಟೆಗೆ ಹೋಗಬೇಡಿ. ಖಂಡಿತ ಇಲ್ಲ ಎಂದು ಅವರು ಮಾತು ಕೊಟ್ಟರು. ಅಂದು ಅಕ್ಕ ಎಷ್ಟು ಸಂತೋಷದಲ್ಲಿದ್ದಳೆಂದರೆ, ಗಾಡಿಯನ್ನು ಅಡ್ಡ ನಿಲ್ಲಿಸಿದವನಿಗೂ ಬೈಯಲಿಲ್ಲ.

ಉದ್ಘಾಟನೆಗೆ ತಂಗಿಯನ್ನು ವೇದಿಕೆಯ ಮೇಲೆ ಕರೆದರು. ಕಣ್ಣಿಲ್ಲದ ಮಹಿಳೆಯೊಬ್ಬರು ಎಲ್ಲರ ಮುಂದೆ ಕಂಪ್ಯೂಟರ್ ನಡೆಸಿ ತೋರಿಸಬೇಕು ಎಂಬುದು ಕಾರ್ಯಕ್ರಮ. ತಂಗಿಗೆ ಇಷ್ಟವಿರಲಿಲ್ಲ. ಪ್ರದರ್ಶನಕ್ಕೆ ನಿಲ್ಲೋಕೆ ನಾನೇನು ಅಂಗಡಿ ಬೊಂಬೆಯಾ ಎಂದಳು. ಅಕ್ಕ ಪಟ್ಟು ಹಿಡಿದಳು. ನಾವು ಕಟ್ಟಿದ್ದನ್ನು ನಾವೇ ತೋರಿಸದೆ ಇನ್ಯಾರು ತೋರಿಸಬೇಕು ಎಂದು ಪುಸಲಾಯಿಸಿ ಒಪ್ಪಿಸಿದಳು.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಅಂಧರ ಶಾಲೆಯ ಮಕ್ಕಳು, ಅವರ ಪಕ್ಕ ಸಂಗೀತದ ಮೇಷ್ಟ್ರು. ಅಕ್ಕ, ಅವಳ ಗಂಡ, ನಾನು ಹಿಂದಿನ ಸಾಲಿನಲ್ಲಿ. ವೇದಿಕೆಯ ಮೇಲಿನ ದೊಡ್ಡ ಪರದೆಯಲ್ಲಿ ಇಲಾಖೆಯ ಮುದ್ರೆ ಗಿರಗಿರ ತಿರುಗಿತು, ಅದರ ನಡುವೆ ನಿರ್ದೇಶಕರ ನಗುಮುಖ ಅರಳಿತು, ಸಂಗೀತ ಮೊಳಗಿತು. ನಂತರ ಹೆಣ್ಣುದನಿಯೊಂದು, ಯಂತ್ರದ್ದಲ್ಲ, ಸಿನಿಮಾದಲ್ಲಿ ಮಾತಾಡುವವರ ಹಾಗಿನ ನಯವಾದ ದನಿ, ಸ್ವಾಗತ ಹೇಳಿತು. ಅಕ್ಕನ ಹುಬ್ಬು ಅಲ್ಲೇ ಗಂಟಿಕ್ಕಿತು. ನಮ್ಮದು ಇದಲ್ಲ ಎಂದು ಗಂಡನ ಕಿವಿಯಲ್ಲಿ ಹೇಳಿದಳು.

ತಂಗಿ ಕೀಲಿಮಣೆಯ ಮೇಲೆ ಬೆರಳಿಟ್ಟಳು. ಒತ್ತಿದಳು. ‘ಕಡತ ತೆರೆಯಲಾಗಿದೆ’ ಎಂದಿತು ನಯವಾದ ದನಿ. ಜನ ಚಪ್ಪಾಳೆ ತಟ್ಟಿದರು. ಅವಳು ಮತ್ತೆ ಒತ್ತಿದಳು. ‘ಪತ್ರ ಬರೆಯಲಾಗುತ್ತಿದೆ’ ಎಂದಿತು. ಮತ್ತೆ ಚಪ್ಪಾಳೆ. ಪರದೆಯ ಮೇಲೆ ಅಕ್ಷರಗಳು ತಾವಾಗಿಯೇ ಮೂಡುತ್ತಿದ್ದವು. ತಂಗಿ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ದನಿ ಮಾತಾಡುತ್ತಲೇ ಇತ್ತು, ಅಕ್ಷರಗಳು ಮೂಡುತ್ತಲೇ ಇದ್ದವು.

ಸಭೆಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಷ್ಟರಲ್ಲಿ ತಂಗಿ ಮೈಕನ್ನು ತಡವಿ ಹತ್ತಿರಕ್ಕೆ ಎಳೆದುಕೊಂಡಿದ್ದಳು.

“ಇದು ನನ್ನ ಮಾತು ಕೇಳ್ತಿಲ್ಲ,” ಎಂದಳು. “ನಾನು ಒತ್ತಿದ್ದೇ ಒಂದು, ಇದು ಹೇಳ್ತಿರೋದೇ ಒಂದು. ಯಾರೋ ಮೊದಲೇ ಮಾಡಿಟ್ಟ ವಿಡಿಯೋ ಓಡ್ತಾ ಇದೆ. ನನ್ನ ಕೈ ಸುಮ್ಮನೆ ಇಲ್ಲಿ ಕೂರ್ಸಿದಾರೆ.”

ನಿರ್ದೇಶಕರು ಥಟ್ಟನೆ ಎದ್ದು ಬಂದರು. ಅವಳ ಹೆಗಲ ಮೇಲೆ ಕೈಯಿಟ್ಟು, ಪಾಪ, ಇಷ್ಟು ಜನರ ಮುಂದೆ ಗಾಬರಿಯಾಗಿದ್ದಾರೆ, ಮೊದಲ ಸಲ ಅಲ್ಲವೇ, ಅವರ ಧೈರ್ಯಕ್ಕೆ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಎಂದರು. ಜನ ತಟ್ಟಿದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬ ಹೆಂಗಸು ತನಗಾದ ಮೋಸವನ್ನು ಬಾಯಿಬಿಟ್ಟು ಹೇಳುತ್ತಿದ್ದಾಳೆ, ಅದನ್ನು ಕರುಣೆಯ ಚಪ್ಪಾಳೆಯಲ್ಲಿ ಮುಳುಗಿಸಿದರು. ಅಕ್ಕ ಕುರ್ಚಿ ತಳ್ಳಿ ಎದ್ದು, ಅವಳಿಗೆ ಗಾಬರಿಯಾಗಿಲ್ಲ, ನಿಮಗೆ ಆಗಿದೆ ಎಂದು ಕೂಗಿದ್ದು ನಮ್ಮ ಸಾಲಿಗಷ್ಟೇ ಕೇಳಿಸಿತು. ಸಂಗೀತ ಜೋರಾಗಿತ್ತು.

ಮನೆಗೆ ಬಂದ ತಂಗಿ ಚಪ್ಪಲಿ ಬಿಟ್ಟು, ತನ್ನ ಕುರ್ಚಿ ಹುಡುಕಿಕೊಂಡು ಕೂತ ಮೇಲೆ ಹೇಳಿದಳು:

“ಅವರ ಮೇಲೆ ಆಮೇಲೆ ಸಿಟ್ಟು ಮಾಡ್ಕೋ ಅಕ್ಕ. ನಾನು ಬೇಡ ಅಂದೆ, ನೀನು ಕರ್ಕೊಂಡು ಹೋದೆ. ಕೆಲಸ ಹೋದಾಗ್ಲೂ ನನಗೆ ಇಷ್ಟು ಅವಮಾನ ಆಗಿರ್ಲಿಲ್ಲ.”

ಕೆಲವು ದಿನ ಅಕ್ಕತಂಗಿಯರ ನಡುವೆ ಅಗತ್ಯದ ಮಾತಷ್ಟೇ ನಡೆಯಿತು. ಉಪ್ಪು ಎಲ್ಲಿ, ಫೋನ್ ಯಾರದು, ಇಂಥವು. ಅಕ್ಕನ ಗಂಡ ನಡುವೆ ಕೂತು ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ.

ಅಷ್ಟರಲ್ಲಿ ಸಂಗೀತದ ಮೇಷ್ಟ್ರು ತಮ್ಮ ಶಾಲೆಗೆ ಬಂದಿದ್ದ ಇಲಾಖೆಯ ಪೆನ್‌ಡ್ರೈವ್ ತಂದುಕೊಟ್ಟರು. ಮಕ್ಕಳು ಅದನ್ನು ಚುಚ್ಚಿ ಕಾದು ಕೂರುತ್ತಾರೆ, ಸ್ವಾಗತದ ಹಾಡು ಬರುತ್ತದೆ, ಆಮೇಲೆ ಏನೂ ಇಲ್ಲ ಎಂದರು. ಒಬ್ಬ ಹುಡುಗಿ ತಾನೇ ಏನೋ ಒತ್ತಿ ಕೆಡಿಸಿದೆನೆಂದು ಅತ್ತಳಂತೆ. ಅಕ್ಕ ಅದನ್ನು ಬಿಚ್ಚಿ ನೋಡಿದಳು. ದನಿಯ ತಂತ್ರಾಂಶವನ್ನು ಬೇರು ಸಮೇತ ಕಿತ್ತು ಹಾಕಿದ್ದರು. ತಂಗಿಯ ಉಚ್ಚಾರಣೆಯ ಪಟ್ಟಿ ಇರಲಿಲ್ಲ, ಬಾಗಿಲು ಬಡಿಯುವ ಉಪಾಯವೂ ಇರಲಿಲ್ಲ. ಆ ಜಾಗದಲ್ಲೆಲ್ಲ ವಿಡಿಯೋ, ಬಣ್ಣದ ಚಿತ್ರ, ನಿರ್ದೇಶಕರ ಸಂದೇಶ.

ಗುತ್ತಿಗೆದಾರನಿಗೆ ಫೋನ್ ಮಾಡಿದಳು. ಅವನು ಸಭ್ಯನಾಗಿಯೇ ಮಾತಾಡಿದ. ನಿಮ್ಮ ದನಿ ಬಹಳ ಒರಟು, ಸ್ವಾಗತದ ವಿಡಿಯೋದ ಮೇಲೆಯೇ ಮಾತಾಡುತ್ತಿತ್ತು, ಗಣ್ಯರ ಎದುರಿಗೆ ಆಭಾಸವಾಗುತ್ತದೆಂದು ಸದ್ಯಕ್ಕೆ ತೆಗೆದೆವು ಎಂದ. ಕೊನೆಗೊಂದು ಮಾತು ಸೇರಿಸಿದ, “ನೋಡೋಕೂ ಚೆನ್ನಾಗಿರಬೇಕಲ್ವಾ ಮೇಡಂ?”

ನೋಡೋಕೆ. ಅಕ್ಕ ಫೋನ್ ಕೆಳಗಿಟ್ಟು ಆ ಒಂದು ಪದವನ್ನು ಕೋಣೆಯ ಗೋಡೆಗಳಿಗೆಲ್ಲ ಹೇಳುತ್ತಾ ಓಡಾಡಿದಳು.

ಇಲಾಖೆಗೆ ಹೋದಳು. ಕಾಯಿಸಿದರು, ಕಾದಳು. ನಿರ್ದೇಶಕರು ಬೇಸರಿಸದೆ ವಿವರಿಸಿದರು. ಇದು ಮೊದಲ ಹಂತ. ಹಂಚಿಕೆ ಮುಗಿದಿದೆ. ಪರಿಶೀಲಿಸಿ, ಎರಡನೇ ಹಂತದಲ್ಲಿ ದನಿಯನ್ನೂ ಸೇರಿಸಲಾಗುವುದು.

“ಕಣ್ಣಿಲ್ಲದ ಮಕ್ಕಳಿಗೆ ಅಂತ ಮಾಡಿದ್ರಲ್ಲಿ ದನಿ ಎರಡನೇ ಹಂತಾನಾ?” ಎಂದಳು ಅಕ್ಕ. “ಹಾಗಾದ್ರೆ ಮೊದಲನೇ ಹಂತ ಯಾರಿಗೆ ಮಾಡಿದ್ರಿ?”

ಅವರು ಗಂಟೆ ಒತ್ತಿ ಮುಂದಿನವರನ್ನು ಕರೆದರು. ಕಟ್ಟಿದ ಮೂಲವನ್ನಾದರೂ ಕೊಡಿ, ಕರಾರಿನ ಪ್ರಕಾರ ಕೊಡಲೇಬೇಕು ಎಂದದ್ದಕ್ಕೆ, ಅದು ಗೋಪ್ಯ ಎಂಬ ಉತ್ತರ ಬಂತು. ಅವಳು ಉಚಿತವಾಗಿ ಕೊಟ್ಟದ್ದು ಅವಳಿಗೇ ಗೋಪ್ಯ. ಕೊಟ್ಟವಳು ಕೋಡಂಗಿ, ಇಸಕೊಂಡವನು ಈರಭದ್ರ ಎಂದರೆ ಇದೇ.

ಮನೆಗೆ ಬಂದು ಇದನ್ನೆಲ್ಲ ಗಂಡನಿಗೆ ಹೇಳುತ್ತಿದ್ದಾಗ, ಅಷ್ಟು ದಿನ ಬಿಗಿದುಕೊಂಡಿದ್ದ ತಂಗಿ ತನ್ನ ಕುರ್ಚಿಯಿಂದಲೇ ಬಾಯಿ ಹಾಕಿದಳು. ಅವರು ಕೊಡುವುದು ಬಿಡುವುದು ಹಾಗಿರಲಿ, ಪೆನ್‌ಡ್ರೈವ್ ಅಂದರೆ ಅಳಿಸಿ ಬರೆಯುವ ಹಲಗೆ ತಾನೇ ಎಂದಳು. ಅಕ್ಕ ತಿರುಗಿ ನೋಡಿದಳು. ಅಲ್ಲಿಂದ ಇಬ್ಬರಿಗೂ ಮತ್ತೆ ಮಾತು ಶುರುವಾಯಿತು.

ಮಾರನೆಯ ದಿನವೇ ಮೇಷ್ಟ್ರ ಶಾಲೆಗೆ ಹೋದರು. ಇಲಾಖೆಯ ಪೆನ್‌ಡ್ರೈವ್‌ಗಳನ್ನು ಸಾಲಾಗಿ ಚುಚ್ಚಿ, ಒಳಗಿದ್ದದ್ದನ್ನೆಲ್ಲ ಅಳಿಸಿ, ಅವುಗಳ ಮೇಲೇ ಕೊರಳನ್ನು ಬರೆದರು. ತಂಗಿ ಒಂದೊಂದನ್ನೂ ಯಂತ್ರಕ್ಕೆ ಹಾಕಿ ಕೇಳಿ, ಸರಿಯಿದ್ದರೆ ಬಲಕ್ಕೆ, ತಪ್ಪಿದ್ದರೆ ಎಡಕ್ಕೆ ಇಡುತ್ತಾ ಬಂದಳು. ಶಾಲೆಯ ಕಂಪ್ಯೂಟರ್ ಕೋಣೆಯ ಯಂತ್ರಗಳೆಲ್ಲ ಒಂದರ ಹಿಂದೊಂದು ಸ್ಪೇಸ್ ಒತ್ತಿ ಎನ್ನತೊಡಗಿದಾಗ ಗದ್ದಲವೋ ಗದ್ದಲ. ಅತ್ತಿದ್ದ ಹುಡುಗಿ ಸ್ಪೇಸ್ ಒತ್ತುವುದು, ಯಂತ್ರ ನಿಲ್ಲಿಸುವುದು, ಮತ್ತೆ ಶುರು ಮಾಡಿ ಒತ್ತುವುದು, ಇದೇ ಆಟ ಹಿಡಿದಳು. ಯಾರೂ ಬಿಡಿಸಲಿಲ್ಲ.

ಉಳಿದ ಶಾಲೆಗಳಿಂದಲೂ ಪೆನ್‌ಡ್ರೈವ್‌ಗಳು ಪೊಟ್ಟಣಗಳಲ್ಲಿ ಬರತೊಡಗಿದವು. ಅಕ್ಕನ ಗಂಡ ಅವುಗಳನ್ನು ಬಿಚ್ಚುವ, ಕಟ್ಟುವ ಕೆಲಸ ವಹಿಸಿಕೊಂಡ. ಆಗ ಇಲಾಖೆಗೆ ಎಚ್ಚರವಾಯಿತು. ಇಲಾಖೆಯ ಸ್ವತ್ತನ್ನು ಅಪ್ಪಣೆಯಿಲ್ಲದೆ ವಿರೂಪಗೊಳಿಸಿದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಅಕ್ಕನಿಗೆ ನೋಟಿಸು ಬಂತು. ಗಂಡ ಅದನ್ನು ಓದಿ ಕನ್ನಡಕ ತೆಗೆದ.

“ಕೊರಳು ಕೊಯ್ದವರನ್ನ ಬಿಟ್ಟು ಹೊಲಿದವಳನ್ನ ಹಿಡೀತಾರಂತೆ ಕಣೇ,” ಎಂದ.

ವಿಚಾರಣೆಗೆ ಅಕ್ಕ ಒಬ್ಬಳೇ ಹೊರಟಿದ್ದಳು. ತಂಗಿ ತಾನೂ ಬರುತ್ತೇನೆ, ಈ ಸಲ ಯಾರೂ ಕರೆದಿಲ್ಲ, ನಾನಾಗಿಯೇ ಬರುತ್ತಿದ್ದೇನೆ ಎಂದು ಕೋಲು ಹಿಡಿದು ಎದ್ದಳು. ಇಲಾಖೆಯ ಮೊಗಸಾಲೆ ತಲುಪಿದರೆ ಅಲ್ಲಿ ಮೇಷ್ಟ್ರು, ಬೇರೆ ಬೇರೆ ಶಾಲೆಗಳ ಶಿಕ್ಷಕರು, ದೊಡ್ಡ ತರಗತಿಗಳ ಮಕ್ಕಳು ಬೆಂಚು ತುಂಬ ಕೂತಿದ್ದರು. ಯಾರು ಹೇಳಿ ಕಳಿಸಿದ್ದೆಂದು ಅಕ್ಕನಿಗೂ ತಿಳಿದಿರಲಿಲ್ಲ. ತಂಗಿಯ ಫೋನು ಹಿಂದಿನ ದಿನವೆಲ್ಲ ಬಿಡುವಿಲ್ಲದೆ ಇದ್ದದ್ದು ಆಮೇಲೆ ನೆನಪಾಯಿತಂತೆ.

ಎಲ್ಲರನ್ನೂ ಒಳಗೆ ಬಿಡುವುದಿಲ್ಲ ಎಂದರು. ಹಾಗಾದರೆ ಇಲ್ಲೇ ಕೂರುತ್ತೇವೆ ಎಂದರು ಮೇಷ್ಟ್ರು. ಕೊನೆಗೆ ಬಾಗಿಲು ತೆರೆದಿಟ್ಟುಕೊಂಡೇ ನಿರ್ದೇಶಕರ ಮುಂದೆ ವಿಚಾರಣೆ ನಡೆಯಿತು. ತಂಗಿ, ತಿದ್ದದೆ ಉಳಿದಿದ್ದ ಇಲಾಖೆಯ ಒಂದು ಪೆನ್‌ಡ್ರೈವ್ ಅನ್ನು ಚೀಲದಿಂದ ತೆಗೆದು, ಇದನ್ನು ತಮ್ಮ ಯಂತ್ರಕ್ಕೇ ಹಾಕಿ ಎಂದು ಕೇಳಿಕೊಂಡಳು. ಸಹಾಯಕ ಹಾಕಿದ. ಸ್ವಾಗತದ ಹಾಡು ಬಂತು, ನಿರ್ದೇಶಕರ ಸಂದೇಶ ಬಂತು, ಮುಗಿಯಿತು. ತಂಗಿ ಕೈಕಟ್ಟಿ ಕೂತಳು. ಅಕ್ಕನೂ ಸುಮ್ಮನೆ ಕೂತಳು. ಅವಳ ಜೀವನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮತ್ತೊಂದಿರಲಿಲ್ಲ. ಹೊರಗಿನ ಬೆಂಚಿನವರೂ ಸುಮ್ಮನಿದ್ದರು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ನಿರ್ದೇಶಕರು ಗಡಿಯಾರ ನೋಡಿಕೊಂಡರು, ಕೆಮ್ಮಿದರು, ಕಡೆಗೆ ಇನ್ನೂ ಎಷ್ಟು ಹೊತ್ತು ಕಾಯಬೇಕು ಎಂದರು.

“ಅದನ್ನೇ ಕೇಳೋಕೆ ಬಂದಿದೀವಿ ಸಾರ್,” ಎಂದಳು ತಂಗಿ.

ನಿರ್ದೇಶಕರು ತಲೆ ತಗ್ಗಿಸಿದರು, ಕ್ಷಮೆ ಕೇಳಿದರು ಎಂದು ಬರೆಯಲು ನನಗೂ ಆಸೆ. ಅಂಥದ್ದೇನೂ ಆಗಲಿಲ್ಲ. ವಿಷಯವನ್ನು ಪರಿಶೀಲನೆಗೆ ಕಳಿಸುತ್ತೇವೆ ಎಂದು ಎದ್ದು ಹೋದರು. ನೋಟಿಸಿನ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ, ರದ್ದಾಯಿತೆಂದೂ ಹೇಳಲಿಲ್ಲ. ಕೆಲವು ತಿಂಗಳ ನಂತರ, ‘ಸುಧಾರಿತ ಧ್ವನಿ ಸೌಲಭ್ಯವುಳ್ಳ ಎರಡನೇ ಆವೃತ್ತಿ’ ಎಂದು ಇಲಾಖೆ ಡಂಗುರ ಹೊಡೆಯಿತು. ಅಕ್ಕ ತರಿಸಿ ಬಿಚ್ಚಿದಳು. ಅಕ್ಷರಶಃ ಅವಳ ಕೊರಳೇ. ಬಾಗಿಲು ಬಡಿಯುವ ಉಪಾಯ ಇತ್ತು, ತಂಗಿಯ ಪಟ್ಟಿ ಇತ್ತು, ಆ ಪಟ್ಟಿಯಲ್ಲಿ ತಂಗಿ ಅವಸರದಲ್ಲಿ ಮಾಡಿದ್ದ ಒಂದು ತಪ್ಪೂ ಇತ್ತು. ಇಬ್ಬರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಗುತ್ತಿಗೆದಾರನ ಹೆಸರಿತ್ತು. ಶುರುವಿನಲ್ಲಿ ನಿರ್ದೇಶಕರ ಫೋಟೋ ಮೊದಲಿಗಿಂತ ದೊಡ್ಡದಾಗಿತ್ತು.

ಅಕ್ಕ ಕೆಂಡವಾದಳು. ತಂಗಿ ಫೋಟೋದ ವಿಷಯ ಕೇಳಿ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

“ಇರ್ಲಿ ಬಿಡು ಅಕ್ಕ. ಅದನ್ನ ನೋಡೋರು ಯಾರಿದಾರೆ ಹೇಳು?”

ಅಕ್ಕ ನಗಲಿಲ್ಲ. ಮಕ್ಕಳಿಗೆ ದನಿ ಸಿಕ್ಕಿತಲ್ಲ, ಇನ್ನಾದರೂ ಸಮಾಧಾನ ತಂದುಕೊಳ್ಳಿ ಎಂದು ಮೇಷ್ಟ್ರು ಹೇಳಿದರೂ ಕೇಳಲಿಲ್ಲ. ಹೆಸರಿನ ಆಸೆ ಅವಳಿಗಿರಲಿಲ್ಲ. ಕೊಟ್ಟಿದ್ದನ್ನು ಕಿತ್ತುಕೊಂಡು, ಮತ್ತೆ ಅದನ್ನೇ ತಮ್ಮ ದಾನವೆಂಬಂತೆ ಕೊಡುವವರು ನಾಳೆ ಮತ್ತೆ ಕಿತ್ತುಕೊಳ್ಳಲಾರರೇ ಎಂಬುದು ಅವಳ ಪ್ರಶ್ನೆ. ಕಟ್ಟಿದ ಮೂಲವನ್ನು ಕೊಡಿ ಎಂದು ಈಗಲೂ ಬರೆಯುತ್ತಾಳೆ. ಈಗಲೂ ಉತ್ತರವಿಲ್ಲ.

ತಂಗಿಗೆ ಮೇಷ್ಟ್ರ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸವಾಯಿತು. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಾಳೆ. ಮಕ್ಕಳು ಅವಳಿಗೆ ಹೆದರುತ್ತಾರಂತೆ, ಒತ್ತಕ್ಷರ ತಪ್ಪಿದರೆ ಬಿಡುವುದಿಲ್ಲವಂತೆ.

ಮೊನ್ನೆ ಇಲಾಖೆಯ ಹೊಸ ಆವೃತ್ತಿಯೊಂದು ಬಂತೆಂದು ಅಕ್ಕ ನನ್ನನ್ನೂ ಮಾಳಿಗೆಗೆ ಕರೆದಳು. ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚಿ, ಪರದೆಯ ತಂತಿಯನ್ನೇ ಕಿತ್ತು ಪಕ್ಕಕ್ಕಿಟ್ಟಳು. ಏನಾಗುತ್ತಿದೆ ಎಂದು ತಿಳಿಯಲು ನಮಗೂ ಕಿವಿಯೊಂದೇ ಉಳಿಯಿತು. ಇಬ್ಬರೂ ಕಾದೆವು. ಸ್ವಾಗತದ ಹಾಡು ಬಂದು ಹೋಯಿತು. ಆಮೇಲೆ ಆ ಒರಟು ದನಿ, ಕೇಳಿಸಿದರೆ ಸ್ಪೇಸ್ ಒತ್ತಿ ಎಂದಿತು. ನಾನು ಗೆದ್ದೆವೆಂಬಂತೆ ಅವಳತ್ತ ನೋಡಿದೆ. ಅವಳು ಆಗಲೇ ಪೆನ್‌ಡ್ರೈವ್ ಕಿತ್ತುಕೊಂಡು ಅಂದು ತುಟಿ ಬಿಚ್ಚದಿದ್ದ ಪಕ್ಕದ ಯಂತ್ರದ ಹಿಂದೆ ಬಗ್ಗಿ, ಅದರ ಪರದೆಯ ತಂತಿಯನ್ನು ಬಿಚ್ಚುತ್ತಿದ್ದಳು.